ಕುಲುಮೆಯ ವಿದ್ಯೆಯನ್ನು ಕಳೆದುಕೊಳ್ಳಬಾರದು

(ಸಂಸ್ಥೆಯ ವಾರ್ಷಿಕ ಸಮಾರಂಭದಲ್ಲಿ ಪೋಷಕರು ಹಾಗೂ ವಿದ್ಯಾರ್ಥಿಗಳನ್ನು ಉದ್ದೇಶಿಸಿ ಮಾಡಿದ ಭಾಷಣದ ಬರಹರೂಪ)



ಶಿಕ್ಷಣ ಸಂಸ್ಥೆಯ ಸಮಾರಂಭದಲ್ಲಿ ಸಾಮಾನ್ಯವಾಗಿ ವೈದ್ಯಕೀಯ, ಇಂಜಿನಿಯರಿಂಗ್, ಐ.ಎ.ಎಸ್. ಪರೀಕ್ಷೆಗಳ ಬಗ್ಗೆ ಮಾತನಾಡುವುದು ವಾಡಿಕೆ. ಅವೆಲ್ಲವೂ ಬೇಕಾದ ವಿಷಯಗಳೇ. ಆದರೆ ಇಂದು ನಾನು ಸುತ್ತಿಗೆ, ಉಳಿ, ಇಕ್ಕಳ, ಕುಡುಗೋಲು, ಗುದ್ದಲಿಗಳ ಬಗ್ಗೆ ಮಾತನಾಡಬೇಕೆಂದಿದ್ದೇನೆ. ಇವುಗಳಿಗೂ ವಿದ್ಯೆಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಹತಾರ ಮಾಡುವುದು ಒಂದು ವಿದ್ಯೆ, ಆ ವಿದ್ಯೆ ನಮ್ಮ ಕಣ್ಣೆದುರಿಗೇ ನಮ್ಮ ಕೈತಪ್ಪಿ ಹೋಗುತ್ತಿದೆ, ಅದನ್ನು ಉಳಿಸುವ ಹೊಣೆಯಲ್ಲಿ ಶಾಲೆಗೂ ಪಾಲಿದೆ ಎಂಬುದೇ ನಾನು ಹೇಳಬೇಕಾದ ಮಾತು.

ನಾಲ್ಕು ತಾಲ್ಲೂಕುಗಳ ಹತಾರಗಳು

ನಮ್ಮ ಸುತ್ತಲಿನ ನಾಲ್ಕು ತಾಲ್ಲೂಕುಗಳನ್ನೇ ತೆಗೆದುಕೊಳ್ಳಿ. ಕೋಲಾರದ ರೈತ ರೇಷ್ಮೆ ಮತ್ತು ತರಕಾರಿಯನ್ನು ನಂಬಿದವನು. ಹಿಪ್ಪುನೇರಳೆ ಕಡ್ಡಿ ಕತ್ತರಿಸಲು, ಕಳೆ ತೆಗೆಯಲು, ಟೊಮೆಟೊ ಮಡಿಗೆ ಮಣ್ಣು ಏರಿಸಲು ಅವನಿಗೆ ಕುಡುಗೋಲು, ಗುದ್ದಲಿ, ಸನಿಕೆಗಳು ಬೇಕು. ಮಾಲೂರು ಇಟ್ಟಿಗೆ ಮತ್ತು ಹೆಂಚಿಗೆ ಹೆಸರಾದ ಊರು. ಮಣ್ಣು ಅಗೆಯುವ ಹಾರೆಯಿಂದ ಹಿಡಿದು ಇಟ್ಟಿಗೆಯ ಅಚ್ಚಿನವರೆಗೆ ಅಲ್ಲಿಯ ಕೆಲಸವೆಲ್ಲ ಹತಾರದ ಮೇಲೆ ನಿಂತಿದೆ. ಅದೇ ತಾಲ್ಲೂಕಿನ ಶಿವಾರಪಟ್ಟಣದ ಶಿಲ್ಪಿಗಳ ಹೆಸರು ನಾಡಿನಲ್ಲೆಲ್ಲ ಹಬ್ಬಿದೆ. ಬಗೆಬಗೆಯ ಉಳಿಗಳಿಲ್ಲದೆ ಅವರ ಕೈಯಿಂದ ಒಂದು ಮೂರ್ತಿಯೂ ಹೊರಬರುವುದಿಲ್ಲ. ಮುಳಬಾಗಿಲು ಬಂಡೆಗಳ ನಾಡು. ಆವಣಿ, ಕುರುಡುಮಲೆಗಳ ಹಳೆಯ ಗುಡಿಗಳನ್ನು ನೋಡಿದವರಿಗೆ ಕಲ್ಲಿನ ಕೆಲಸ ಅಲ್ಲಿ ಎಷ್ಟು ಹಳೆಯದೆಂದು ತಿಳಿಯುತ್ತದೆ. ಶ್ರೀನಿವಾಸಪುರವಂತೂ ಮಾವಿನ ಊರು. ಕೊಂಬೆ ಸವರುವ ಗರಗಸ ಮತ್ತು ಮಚ್ಚು, ಕಾಯಿ ಕೀಳುವ ಕೊಕ್ಕೆ, ಮಂಡಿಯಲ್ಲಿ ಪೆಟ್ಟಿಗೆಗೆ ಮೊಳೆ ಹೊಡೆಯುವ ಸುತ್ತಿಗೆ, ಇವಿಲ್ಲದೆ ಅಲ್ಲಿಯ ಮಾವು ಮಾರುಕಟ್ಟೆ ಮುಟ್ಟುವುದಿಲ್ಲ.

ಅಂದರೆ ಹತಾರಕ್ಕೆ ನಮ್ಮಲ್ಲಿ ಬೇಡಿಕೆ ಇಂದಿಗೂ ಇದೆ. ಆದರೆ ಪೇಟೆಯ ಯಾವುದೇ ಹಾರ್ಡ್‌ವೇರ್ ಅಂಗಡಿಗೆ ಹೋಗಿ, ಒಂದೊಂದೇ ವಸ್ತುವನ್ನು ಕೈಯಲ್ಲಿ ಹಿಡಿದು ಇದು ಎಲ್ಲಿ ತಯಾರಾಯಿತು ಎಂದು ಕೇಳಿ ನೋಡಿ. ಜಲಂಧರ್, ಲೂಧಿಯಾನ, ನಾಸಿಕ್ ಎಂಬ ಉತ್ತರ ಬರುತ್ತದೆ. ಇನ್ನು ಕೆಲವಕ್ಕೆ ಚೀನಾ ಎಂಬ ಉತ್ತರ. ಕೋಲಾರ ಜಿಲ್ಲೆಯಲ್ಲಿ ತಯಾರಾದದ್ದು ಎಂಬ ಉತ್ತರ ಎಷ್ಟು ವಸ್ತುಗಳಿಗೆ ಸಿಕ್ಕೀತು? ಬಳಸುವವರು ನಾವು, ಮಾರುವವರು ನಾವು. ಮಾಡುವವರು ಮಾತ್ರ ಬೇರೆಯವರು.

ಹದ ಎಂಬ ವಿದ್ಯೆ

ಕುಲುಮೆಯಲ್ಲಿ ಕುಳಿತವನನ್ನು ನಾವು ಓದುಬರಹ ಬಾರದವನೆಂದು ತಿಳಿದುಕೊಂಡೆವು. ಅವನಿಗೆ ಏನು ಗೊತ್ತಿತ್ತು ಎಂಬುದನ್ನು ಸ್ವಲ್ಪ ನೋಡೋಣ. ಕಬ್ಬಿಣದಲ್ಲಿ ಇಂಗಾಲದ ಅಂಶ ನೂರಕ್ಕೆ 0.2ರಷ್ಟೇ ಇದ್ದರೆ ಅದು ಮೆದು ಕಬ್ಬಿಣ. ಅದನ್ನು ಎಷ್ಟು ಕಾಯಿಸಿ ನೀರಿಗೆ ಅದ್ದಿದರೂ ಹರಿತ ನಿಲ್ಲುವಷ್ಟು ಗಡಸಾಗುವುದಿಲ್ಲ. ಲಾರಿಯ ಸ್ಪ್ರಿಂಗ್ ಪಟ್ಟಿಯಲ್ಲಿ ಇಂಗಾಲ ಸುಮಾರು 0.6ರಷ್ಟಿರುತ್ತದೆ. ಅದು ಗಡಸಾಗುತ್ತದೆ. ಆದ್ದರಿಂದಲೇ ಒಳ್ಳೆಯ ಮಚ್ಚು, ಕುಡುಗೋಲುಗಳಿಗೆ ನಮ್ಮ ಕಮ್ಮಾರರು ಹಳೆಯ ಲಾರಿ ಪಟ್ಟಿಯನ್ನೇ ಹುಡುಕುತ್ತಿದ್ದರು. ಸಾಣೆ ಕಲ್ಲಿಗೆ ಹಿಡಿದಾಗ ಕಿಡಿಗಳು ಕವಲೊಡೆದು ಸಿಡಿದರೆ ಅದು ಉಕ್ಕು, ನೀಳವಾಗಿ ಗೆರೆಯಂತೆ ಹೋದರೆ ಮೆದು ಕಬ್ಬಿಣ ಎಂದು ಅವರು ಕಣ್ಣಿನಿಂದಲೇ ಹೇಳುತ್ತಿದ್ದರು.

ಆಮೇಲೆ ಹದ. ಕೆಂಪಗೆ ಕಾಯಿಸಿ ಒಮ್ಮೆಲೇ ನೀರಿಗೆ ಅದ್ದಿದ ಉಳಿ ಗಾಜಿನಂತೆ ಗಡಸಾಗುತ್ತದೆ, ಆದರೆ ಹೊಡೆದರೆ ಒಡೆಯುತ್ತದೆ. ಅದನ್ನು ಮತ್ತೆ ಮೆಲ್ಲಗೆ ಕಾಯಿಸಿದರೆ ಉಜ್ಜಿದ ಮೈಮೇಲೆ ಬಣ್ಣಗಳು ಓಡುತ್ತವೆ. ಸುಮಾರು 220 ಡಿಗ್ರಿಗೆ ಹುಲ್ಲಿನ ಹಳದಿ, ಆಮೇಲೆ ಕಂದು, ನೇರಳೆ, ಸುಮಾರು 300 ಡಿಗ್ರಿಗೆ ನೀಲಿ. ಹರಿತ ಹೆಚ್ಚು ಬೇಕಾದ ಹತಾರವನ್ನು ಹಳದಿಯಲ್ಲಿ ನಿಲ್ಲಿಸಬೇಕು. ಪೆಟ್ಟು ತಡೆಯಬೇಕಾದದ್ದನ್ನು ನೇರಳೆ, ನೀಲಿಯವರೆಗೆ ಬಿಡಬೇಕು. ಒಂದು ಕ್ಷಣ ಹೆಚ್ಚುಕಡಿಮೆಯಾದರೂ ಹತಾರ ಕೆಟ್ಟಿತು. ಥರ್ಮಾಮೀಟರ್ ಇಲ್ಲದೆ ಬಣ್ಣ ನೋಡಿಯೇ ಇದನ್ನೆಲ್ಲ ಮಾಡುತ್ತಿದ್ದವನನ್ನು ಅವಿದ್ಯಾವಂತ ಎಂದು ಕರೆಯುವುದು ಎಷ್ಟು ಸರಿ? ಇಂಜಿನಿಯರಿಂಗ್ ಕಾಲೇಜಿನಲ್ಲಿ ಲೋಹಶಾಸ್ತ್ರ ಎಂದು ಕಲಿಸುವುದೂ ಇದನ್ನೇ. ವ್ಯತ್ಯಾಸವೆಂದರೆ ಅಲ್ಲಿ ಪ್ರಮಾಣಪತ್ರ ಸಿಗುತ್ತದೆ.

ಕಸುಬಿನ ಗೌರವ

ಕೈಕೆಲಸವನ್ನು ಕೀಳೆಂದು ಕಾಣುವುದು ನಮ್ಮ ದೀನ್ ಕಲಿಸಿದ್ದಲ್ಲ. ಪವಿತ್ರ ಕುರ್‌ಆನಿನ 57ನೆಯ ಅಧ್ಯಾಯದ ಹೆಸರೇ ಅಲ್ ಹದೀದ್, ಅಂದರೆ ಕಬ್ಬಿಣ. ಕಬ್ಬಿಣದ ಬಲವನ್ನೂ ಜನರಿಗೆ ಅದರಿಂದಾಗುವ ಪ್ರಯೋಜನವನ್ನೂ ಅದು ನೆನಪಿಸುತ್ತದೆ. ಪ್ರವಾದಿ ದಾವೂದ್ ಅಲೈಹಿಸ್ಸಲಾಮರಿಗೆ ಅಲ್ಲಾಹನು ಕಬ್ಬಿಣವನ್ನು ಮೆದುಗೊಳಿಸಿಕೊಟ್ಟದ್ದನ್ನೂ ಕವಚ ಮಾಡುವ ವಿದ್ಯೆ ಕಲಿಸಿದ್ದನ್ನೂ ನಾವೆಲ್ಲ ಕೇಳಿದ್ದೇವೆ. ಅವರು ಸ್ವಂತ ದುಡಿಮೆಯಿಂದ ಉಣ್ಣುತ್ತಿದ್ದರೆಂದು ಹದೀಸ್‌ನಲ್ಲಿ ಬಂದಿದೆ. ಇಸ್ಲಾಮಿನ ಆರಂಭದ ದಿನಗಳಲ್ಲೇ ಈಮಾನ್ ತಂದು ಕಷ್ಟ ಅನುಭವಿಸಿದ ಸಹಾಬಿ ಹಝ್ರತ್ ಖಬ್ಬಾಬ್ ರಝಿಯಲ್ಲಾಹು ಅನ್ಹು ಮಕ್ಕಾದಲ್ಲಿ ಕಮ್ಮಾರರಾಗಿದ್ದರು. ಹೀಗಿದ್ದೂ ನಾವು ಮದುವೆ ಸಂಬಂಧ ಕೇಳುವಾಗ, ಹುಡುಗ ಲೇತ್ ಕೆಲಸದವನು ಎಂದರೆ ಮುಖ ತಿರುಗಿಸುತ್ತೇವೆ. ಇದನ್ನು ನಾವೇ ಕುಳಿತು ಯೋಚಿಸಬೇಕು.

ನಮ್ಮ ಸಮುದಾಯದ ಬದುಕು ಹತಾರವನ್ನು ನಂಬಿಯೇ ನಡೆದು ಬಂದಿದೆ. ಎತ್ತು, ಕುದುರೆಗಳಿಗೆ ಲಾಳ ಕಟ್ಟುವ ನಾಲ್‌ಬಂದರು, ಪಾತ್ರೆಗೆ ಕಲಾಯಿ ಹಾಕುವವರು, ಹತ್ತಿ ಹಿಂಜುವ ಪಿಂಜಾರರು, ಬೀದಿ ಬೀದಿ ತಿರುಗಿ ಚಾಕು ಕತ್ತರಿ ಸಾಣೆ ಹಿಡಿಯುವವರು, ಇಂದಿನ ಗ್ಯಾರೇಜು, ವೆಲ್ಡಿಂಗ್ ಅಂಗಡಿಯವರು. ಸಾಚಾರ್ ಸಮಿತಿಯು 2006ರಲ್ಲಿ ನೀಡಿದ ವರದಿಯೂ ಸ್ವಂತ ಕಸುಬನ್ನು ನಂಬಿ ಬದುಕುವವರ ಪಾಲು ಮುಸ್ಲಿಮರಲ್ಲಿ ಹೆಚ್ಚೆಂದು ಗುರುತಿಸಿತು. ಸ್ವಂತ ಕಸುಬಿನವನಿಗೆ ಹತಾರವೇ ಬಂಡವಾಳ. ಹತಾರದ ಕತೆ ಎಂದರೆ ನಮ್ಮದೇ ಕತೆ.

ಈ ಮಣ್ಣಿನ ಉಕ್ಕು

ಉಕ್ಕಿನ ವಿಷಯದಲ್ಲಿ ನಮ್ಮ ನಾಡು ಹಿಂದುಳಿದದ್ದಲ್ಲ. ಯುರೋಪಿನವರು ಬೆರಗಾಗಿ ನೋಡಿದ ಭಾರತದ ಮೂಸೆ ಉಕ್ಕಿಗೆ ಅವರು ಕೊಟ್ಟ ವುಟ್ಜ್ ಎಂಬ ಹೆಸರು ನಮ್ಮ ಉಕ್ಕು ಎಂಬ ಪದದಿಂದಲೇ ಬಂದದ್ದೆಂದು ವಿದ್ವಾಂಸರು ಹೇಳುತ್ತಾರೆ. ಟಿಪ್ಪು ಸುಲ್ತಾನರ ಪತನದ ನಂತರ, 1800ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕನನ್ ಇಲ್ಲಿನ ಹಳ್ಳಿಗಳಲ್ಲಿ ಕಬ್ಬಿಣ ಕರಗಿಸಿ ಉಕ್ಕು ಮಾಡುತ್ತಿದ್ದ ಬಗೆಯನ್ನು ವಿವರವಾಗಿ ಬರೆದಿಟ್ಟಿದ್ದಾನೆ. ನಮ್ಮ ಜಿಲ್ಲೆಯ ಬೂದಿಕೋಟೆಯಲ್ಲಿ ಹುಟ್ಟಿದ ಹೈದರ್ ಅಲಿಯವರೂ ಅವರ ಮಗ ಟಿಪ್ಪುವೂ ಬಳಸಿದ ರಾಕೆಟ್‌ಗಳ ಹೆಚ್ಚುಗಾರಿಕೆ ಇದ್ದದ್ದು ಕಬ್ಬಿಣದ ಕೊಳವೆಯಲ್ಲಿ. ಒಳಗಿನ ಒತ್ತಡವನ್ನು ಆ ಕೊಳವೆ ತಡೆದದ್ದರಿಂದಲೇ ಅವು ದೂರ ಹಾರಿದವು. ಅಂತಹ ಕೊಳವೆ ಮಾಡಲು ಒಳ್ಳೆಯ ಕಮ್ಮಾರರೇ ಬೇಕಿತ್ತು.

ಆಮೇಲೆ ಕೋಲಾರ ಚಿನ್ನದ ಗಣಿ. 1880ರಲ್ಲಿ ಜಾನ್ ಟೇಲರ್ ಕಂಪನಿ ಇಲ್ಲಿ ಕೆಲಸ ಹಿಡಿಯಿತು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ ಬಂತು. ಭೂಮಿಯೊಳಗೆ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದ ಗಣಿ ಅದು. ಅಂತಹ ಗಣಿಗೆ ಚಿನ್ನದಷ್ಟೇ ಕಬ್ಬಿಣದ ಕೆಲಸವೂ ಮುಖ್ಯ. ಬಂಡೆ ಕೊರೆಯುವ ಉಕ್ಕಿನ ಸರಳುಗಳ ಮೊನೆ ಕಟ್ಟುವುದು, ಹಗ್ಗ, ಪಂಪು, ಬಂಡಿಗಳನ್ನು ದುರಸ್ತಿ ಮಾಡುವುದು, ಇವಕ್ಕೆಲ್ಲ ಗಣಿಯ ವರ್ಕ್‌ಶಾಪ್‌ಗಳಿದ್ದವು. ಫಿಟ್ಟರ್, ಟರ್ನರ್, ಬ್ಲ್ಯಾಕ್‌ಸ್ಮಿತ್ ಎಂಬ ಪದಗಳು ನಮ್ಮ ಜಿಲ್ಲೆಯ ಮನೆಮಾತಾದದ್ದರಲ್ಲಿ ಗಣಿಯ ಪಾಲು ದೊಡ್ಡದು.

ಕುಲುಮೆಗಳು ಏಕೆ ಆರಿದವು?

ಇದಕ್ಕೆ ಒಬ್ಬರನ್ನು ದೂರಿ ಪ್ರಯೋಜನವಿಲ್ಲ. ಕಾರಣಗಳು ಒಂದರ ಮೇಲೊಂದು ಬಂದವು.

ಮೊದಲನೆಯದು ಟ್ರ್ಯಾಕ್ಟರ್. ಮರದ ನೇಗಿಲಿದ್ದ ಕಾಲದಲ್ಲಿ ಪ್ರತಿ ಮಳೆಗಾಲಕ್ಕೆ ಮೊದಲು ನೇಗಿಲ ಕುಳವನ್ನು ಕುಲುಮೆಗೆ ತರಲೇಬೇಕಿತ್ತು. ಅದಕ್ಕಾಗಿ ಸುಗ್ಗಿಯಲ್ಲಿ ರೈತ ಕಮ್ಮಾರನಿಗೆ ಕಾಳು ಅಳೆದು ಕೊಡುತ್ತಿದ್ದ. ನೇಗಿಲು ಹೋಯಿತು, ಅದರೊಂದಿಗೆ ಆ ವಾರ್ಷಿಕ ಆದಾಯವೂ ಹೋಯಿತು.

ಎರಡನೆಯದು ದೊಡ್ಡ ಕಾರ್ಖಾನೆ. ಅಚ್ಚಿನಲ್ಲಿ ಒತ್ತಿ ದಿನಕ್ಕೆ ಸಾವಿರಗಟ್ಟಲೆ ತೆಗೆಯುವ ಗುದ್ದಲಿಯ ಬೆಲೆಗೆ, ದಿನಕ್ಕೆ ಕೆಲವನ್ನೇ ತಟ್ಟುವ ಕುಲುಮೆ ಸಮನಾಗಲಾರದು. ಸರ್ಕಾರ 1967ರಿಂದ ಕೆಲವು ವಸ್ತುಗಳ ತಯಾರಿಕೆಯನ್ನು ಸಣ್ಣ ಕೈಗಾರಿಕೆಗಳಿಗೇ ಮೀಸಲಿಡುತ್ತ ಬಂದಿತು. ಆ ಪಟ್ಟಿಯಲ್ಲಿ ಅನೇಕ ಕೈ ಉಪಕರಣಗಳೂ ಸೇರಿದವು. ಮೀಸಲಾತಿ ಸಣ್ಣವರನ್ನು ಕಾಪಾಡಿತು ನಿಜ, ಆದರೆ ಅವರನ್ನು ಸಣ್ಣವರಾಗಿಯೇ ಇಟ್ಟಿತು ಎಂಬ ಮಾತಿನಲ್ಲೂ ಸತ್ಯವಿದೆ. ಪಟ್ಟಿ ಹಂತಹಂತವಾಗಿ ಕರಗಿ, 2015ರ ಏಪ್ರಿಲ್‌ನಲ್ಲಿ ಉಳಿದ ಕೊನೆಯ 20 ವಸ್ತುಗಳನ್ನೂ ಕೈಬಿಡಲಾಯಿತು.

ಮೂರನೆಯದು 2001ನೇ ಇಸವಿ. ಆ ವರ್ಷವನ್ನು ನಮ್ಮ ಜಿಲ್ಲೆಯವರು ಮರೆಯುವಂತಿಲ್ಲ. ಫೆಬ್ರವರಿ 28ರಂದು ಚಿನ್ನದ ಗಣಿ ಮುಚ್ಚಿತು. ಅದರ ವರ್ಕ್‌ಶಾಪ್‌ಗಳಲ್ಲಿ ಹುಡುಗರು ಹಿರಿಯರ ಕೈಕೆಳಗೆ ಕಲಿಯುತ್ತಿದ್ದ ದಾರಿಯೂ ಅಂದಿಗೆ ಮುಚ್ಚಿತು. ಒಂದು ತಿಂಗಳ ನಂತರ, ಏಪ್ರಿಲ್ 1ರಂದು, ಕೇಂದ್ರ ಸರ್ಕಾರ ಉಳಿದ 715 ವಸ್ತುಗಳ ಆಮದಿನ ಮೇಲಿದ್ದ ಪ್ರಮಾಣ ನಿರ್ಬಂಧವನ್ನು ತೆಗೆದುಹಾಕಿತು. ಡಿಸೆಂಬರ್‌ನಲ್ಲಿ ಚೀನಾ ವಿಶ್ವ ವ್ಯಾಪಾರ ಸಂಸ್ಥೆಯ ಸದಸ್ಯ ದೇಶವಾಯಿತು. ಮೂರೂ ಬೇರೆಬೇರೆ ಘಟನೆಗಳು. ಆದರೆ ಕಲಿಯುವ ಬಾಗಿಲು ಮುಚ್ಚಿದ್ದೂ ಅಗ್ಗದ ಸರಕಿನ ಬಾಗಿಲು ತೆರೆದದ್ದೂ ಒಂದೇ ವರ್ಷದಲ್ಲಿ.

ನಾಲ್ಕನೆಯದು ವಿದ್ಯುತ್ ಉಪಕರಣ. ಕಲ್ಲು ಕೆಲಸಕ್ಕೆ ಗ್ರೈಂಡರ್ ಬಂತು, ಮರಗೆಲಸಕ್ಕೆ ಡ್ರಿಲ್ ಮತ್ತು ಕಟರ್ ಬಂದವು. ಕೆಲಸ ಬೇಗ ಆಗುತ್ತದೆ, ಇದನ್ನು ಬೇಡವೆನ್ನಲಾಗದು. ಆದರೆ ಗ್ರೈಂಡರ್‌ನ ಬಿಲ್ಲೆಗೆ ಮತ್ತೆ ಮೊನೆ ಕಟ್ಟುವ ಕೆಲಸವಿಲ್ಲ. ಸವೆದರೆ ಎಸೆದು ಹೊಸದನ್ನು ಕೊಳ್ಳಬೇಕು. ಕುಲುಮೆಗೆ ಬರುತ್ತಿದ್ದ ಗಿರಾಕಿ ಅಂಗಡಿಗೆ ಹೋದ.

ದೇಶದ ಒಟ್ಟು ಚಿತ್ರವೂ ಹೀಗೆಯೇ ಇದೆ. ನೀತಿ ಆಯೋಗವು 2025ರ ಏಪ್ರಿಲ್‌ನಲ್ಲಿ ಕೈ ಉಪಕರಣ ಮತ್ತು ವಿದ್ಯುತ್ ಉಪಕರಣಗಳ ಬಗ್ಗೆ ಒಂದು ವರದಿ ಹೊರತಂದಿತು. ಕೈ ಉಪಕರಣಗಳ ಜಾಗತಿಕ ವ್ಯಾಪಾರ ಸುಮಾರು 34 ಶತಕೋಟಿ ಡಾಲರ್ ಎಂದೂ ರಫ್ತಿನಲ್ಲಿ ಚೀನಾದ ಪಾಲು ಸುಮಾರು ಅರ್ಧದಷ್ಟೆಂದೂ ಭಾರತದ ರಫ್ತು 60 ಕೋಟಿ ಡಾಲರ್, ಅಂದರೆ ಶೇ. 1.8 ಮಾತ್ರವೆಂದೂ ಅದು ಹೇಳಿತು. ಚೀನಾಕ್ಕೆ ಹೋಲಿಸಿದರೆ ನಮ್ಮ ತಯಾರಕರಿಗೆ ಶೇ. 14ರಿಂದ 17ರಷ್ಟು ಹೆಚ್ಚು ಖರ್ಚು ಬೀಳುತ್ತದೆ. ಉಕ್ಕಿನ ಬೆಲೆ, ಬಡ್ಡಿ, ಸಾಗಾಣಿಕೆ ವೆಚ್ಚ ಹಾಗೂ ಘಟಕಗಳ ಸಣ್ಣ ಗಾತ್ರ ಇದಕ್ಕೆ ಕಾರಣಗಳು. ಜಲಂಧರ್‌ನಂತಹ ದೊಡ್ಡ ಕೇಂದ್ರದವರೇ ಈ ಹೊರೆ ಹೊರಬೇಕಾಗಿರುವಾಗ ನಮ್ಮ ಊರಿನ ಒಂಟಿ ಕುಲುಮೆಯ ಪಾಡೇನು?

ನಷ್ಟ ಯಾರಿಗೆ?

ಅಗ್ಗಕ್ಕೆ ಸಿಕ್ಕರೆ ಒಳ್ಳೆಯದಲ್ಲವೇ ಎಂದು ನೀವು ಕೇಳಬಹುದು. ಗೃಹಿಣಿಗೆ ವರ್ಷಕ್ಕೊಮ್ಮೆ ಬೇಕಾಗುವ ಸ್ಕ್ರೂಡ್ರೈವರ್ ಅಗ್ಗಕ್ಕೆ ಸಿಕ್ಕರೆ ತೊಂದರೆಯಿಲ್ಲ. ಆದರೆ ದಿನವಿಡೀ ದುಡಿಯುವವನಿಗೆ ಕೆಟ್ಟ ಹತಾರ ಅಗ್ಗವಲ್ಲ. ಹದವಿಲ್ಲದ ಸ್ಪ್ಯಾನರ್ ಬಾಯಿ ಬಿಟ್ಟು ಜಾರಿದರೆ ಬೆರಳ ಗೆಣ್ಣು ಒಡೆಯುತ್ತದೆ. ತಲೆ ಅರಳಿದ ಉಳಿಯಿಂದ ಚೂರು ಸಿಡಿದರೆ ಕಣ್ಣು ಹೋಗುತ್ತದೆ. ಹಿಡಿ ಸಡಿಲವಾದ ಸುತ್ತಿಗೆಯ ತಲೆ ಪಕ್ಕದಲ್ಲಿ ಕುಳಿತ ಹುಡುಗನ ಮೇಲೆ ಹಾರುತ್ತದೆ. ಗ್ಯಾರೇಜಿನಲ್ಲಿ, ಕಲ್ಲು ಕ್ವಾರಿಯಲ್ಲಿ ದುಡಿಯುವವರಿಗೆ ಇದು ಕತೆಯಲ್ಲ. ಆ ಕಣ್ಣಿನ ಬೆಲೆಯನ್ನು ಹತಾರದ ಬೆಲೆಗೆ ಸೇರಿಸಿ ಲೆಕ್ಕ ಹಾಕಿ.

ಇನ್ನೂ ದೊಡ್ಡ ನಷ್ಟ ಬೇರೆ ಇದೆ. ಇಂದು ನಮ್ಮ ನರಸಾಪುರದಲ್ಲಿ ದೊಡ್ಡ ಕಾರ್ಖಾನೆಗಳಿವೆ. 2013ರಲ್ಲಿ ಹೋಂಡಾ ದ್ವಿಚಕ್ರ ವಾಹನಗಳ ಕಾರ್ಖಾನೆ ಶುರುವಾಯಿತು. ವಿಸ್ಟ್ರಾನ್ ಕಟ್ಟಿದ ಐಫೋನ್ ಕಾರ್ಖಾನೆಯನ್ನು 2023ರಲ್ಲಿ ಟಾಟಾ ಕೊಂಡಿತು. ನಮ್ಮ ಮಕ್ಕಳು ಅಲ್ಲಿಗೆ ಕೆಲಸಕ್ಕೆ ಹೋಗುತ್ತಾರೆ, ಹೋಗಬೇಕು. ಆದರೆ ಬಿಡಿಭಾಗ ಜೋಡಿಸುವ ಸಾಲಿನಲ್ಲಿ ನಿಲ್ಲುವವನು ಬೇರೆ, ಆ ಬಿಡಿಭಾಗವನ್ನು ಒತ್ತುವ ಅಚ್ಚನ್ನು ಮಾಡುವವನು ಬೇರೆ. ಮೊದಲನೆಯವನ ಜಾಗಕ್ಕೆ ಇನ್ನೊಬ್ಬ ಬೇಗ ಸಿಗುತ್ತಾನೆ. ಎರಡನೆಯವನನ್ನು ಕಂಪನಿಗಳು ಹುಡುಕಿಕೊಂಡು ಬರುತ್ತವೆ. ಟೂಲ್ ಅಂಡ್ ಡೈ ಎಂದು ಕರೆಯುವ ಆ ಕೆಲಸ ಕುಲುಮೆಯ ವಿದ್ಯೆಯ ಇಂದಿನ ರೂಪವೇ. ಅಜ್ಜ ಬಣ್ಣ ನೋಡಿ ಕೊಡುತ್ತಿದ್ದ ಹದವನ್ನು ಮೊಮ್ಮಗ ಕುಲುಮೆಯ ಜಾಗದಲ್ಲಿ ವಿದ್ಯುತ್ ಒಲೆಯಿಟ್ಟು ಕೊಡುತ್ತಾನೆ. ನಡುವೆ ತಂದೆಯ ತಲೆಮಾರಿನಲ್ಲಿ ಕೊಂಡಿ ಕಳಚಿದರೆ ಮೊಮ್ಮಗ ಜೋಡಿಸುವ ಸಾಲಿನಲ್ಲೇ ಉಳಿಯುತ್ತಾನೆ.

ಮೀರತ್‌ನ ಕತ್ತರಿ

ಉಳಿಸಿಕೊಂಡವರೂ ಇದ್ದಾರೆ. ಉತ್ತರ ಪ್ರದೇಶದ ಮೀರತ್ ಪಟ್ಟಣ ಕತ್ತರಿಗೆ ಪ್ರಸಿದ್ಧ. ಅಲ್ಲಿ ತಲೆಮಾರುಗಳಿಂದ ಈ ಕಸುಬು ಮಾಡುತ್ತಿರುವವರಲ್ಲಿ ಬಹುಪಾಲು ಮುಸ್ಲಿಂ ಕುಟುಂಬಗಳು. ಹಳೆಯ ವಾಹನಗಳ ಸ್ಪ್ರಿಂಗ್ ಉಕ್ಕಿನಿಂದ ಅಲಗು, ಹಳೆಯ ಹಿತ್ತಾಳೆ ಇತ್ಯಾದಿ ಲೋಹದಿಂದ ಹಿಡಿ ಮಾಡುತ್ತಾರೆ. ಮೊಂಡಾದರೆ ಸಾಣೆ ಹಿಡಿಸಿ ಮತ್ತೆ ಬಳಸಬಹುದು ಎಂಬುದೇ ಅದರ ಹಿರಿಮೆ. 2013ರಲ್ಲಿ ಮೀರತ್ ಕತ್ತರಿಗೆ ಭೌಗೋಳಿಕ ಗುರುತು ಸಿಕ್ಕಿತು. ಅವರಿಗೂ ಅಗ್ಗದ ಆಮದಿನ ಕಾಟ ತಪ್ಪಿಲ್ಲ. ಆದರೆ ಅವರು ಒಂಟಿಯಾಗಿಲ್ಲ. ಒಬ್ಬ ಅಲಗು ಮಾಡುತ್ತಾನೆ, ಒಬ್ಬ ಹಿಡಿ ಎರಕ ಹೊಯ್ಯುತ್ತಾನೆ, ಒಬ್ಬ ಸಾಣೆ ಹಿಡಿಯುತ್ತಾನೆ. ಒಂದು ವಸ್ತು, ಒಂದು ಹೆಸರು, ಅನೇಕ ಕೈಗಳು. ನಾವು ಕಲಿಯಬೇಕಾದ ಪಾಠ ಇದು.

ಹಳೆಯ ಕುಲುಮೆಯನ್ನು ಇದ್ದ ಹಾಗೇ ಮರಳಿ ತರೋಣ ಎಂದು ನಾನು ಹೇಳುತ್ತಿಲ್ಲ. ಹೊಗೆಯಲ್ಲಿ ಕುಳಿತು ತಿದಿ ಒತ್ತಲು ಯಾವ ಮಗುವನ್ನೂ ಶಾಲೆ ಬಿಡಿಸಬಾರದು. ಹತ್ತು ವರ್ಷದ ಹುಡುಗನನ್ನು ಗ್ಯಾರೇಜಿಗೆ ಬಿಡುವುದು ಕಸುಬು ಕಲಿಸುವುದಲ್ಲ, ಅದು ಮಗುವಿಗೆ ಮಾಡುವ ಅನ್ಯಾಯ. ಕಾನೂನಿನಲ್ಲೂ ಅದು ಅಪರಾಧ. ಓದು ಮೊದಲು, ಓದಿನ ಜೊತೆಗೆ ಕೈಗೂ ವಿದ್ಯೆ ಎಂಬುದಷ್ಟೇ ನನ್ನ ಕೋರಿಕೆ.

ನಾವು ಮಾಡಬಹುದಾದದ್ದು

ಮೊದಲನೆಯದಾಗಿ, ಎಸ್.ಎಸ್.ಎಲ್.ಸಿ. ಮುಗಿಸಿದ ಮಕ್ಕಳ ಪೋಷಕರು ಪಿ.ಯು.ಸಿ. ಒಂದನ್ನೇ ನೋಡಬೇಡಿ. ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, ಅಂದರೆ ಜಿ.ಟಿ.ಟಿ.ಸಿ., 1972ರಲ್ಲಿ ಡೆನ್ಮಾರ್ಕ್ ದೇಶದ ನೆರವಿನಿಂದ ಬೆಂಗಳೂರಿನಲ್ಲಿ ಆರಂಭವಾಯಿತು. ಇಂದು ಅನೇಕ ಜಿಲ್ಲೆಗಳಲ್ಲಿ ಅದರ ಶಾಖೆಗಳಿವೆ. ಅಲ್ಲಿ ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾ ಇದೆ. ಐ.ಟಿ.ಐ.ಗಳಲ್ಲಿ ಫಿಟ್ಟರ್, ಟರ್ನರ್, ವೆಲ್ಡರ್ ತರಗತಿಗಳಿವೆ. ಇವು ಓದಿನಲ್ಲಿ ಹಿಂದೆ ಬಿದ್ದವರ ಕೊನೆಯ ಆಸರೆ ಎಂಬ ಭಾವನೆಯನ್ನು ಬಿಡಿ. ಗಣಿತ ಚೆನ್ನಾಗಿ ಬರುವ ಮಕ್ಕಳೇ ಅಲ್ಲಿ ಮುಂದೆ ಬರುತ್ತಾರೆ.

ಎರಡನೆಯದಾಗಿ, 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪ್ರಧಾನಮಂತ್ರಿ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕಮ್ಮಾರಿಕೆ, ಬೀಗ ತಯಾರಿಕೆಗಳ ಜೊತೆಗೆ ಸುತ್ತಿಗೆ ಮತ್ತು ಹತಾರ ಪೆಟ್ಟಿಗೆ ತಯಾರಿಕೆಯೂ ಸೇರಿತು. ತರಬೇತಿಯ ದಿನಗಳಿಗೆ ದಿನಕ್ಕೆ 500 ರೂಪಾಯಿ, ಹತಾರಕ್ಕೆ 15,000 ರೂಪಾಯಿಯ ನೆರವು, ಮೊದಲು ಒಂದು ಲಕ್ಷ ಮತ್ತು ಆಮೇಲೆ ಎರಡು ಲಕ್ಷದವರೆಗೆ ಶೇ. 5ರ ಸಾಲ ಅದರಲ್ಲಿದ್ದವು. ಅದು ಯಾವ ಒಂದು ಜಾತಿ, ಧರ್ಮಕ್ಕೂ ಮೀಸಲಾದದ್ದಲ್ಲ. ನಮ್ಮ ಕಸುಬುದಾರರಲ್ಲಿ ಎಷ್ಟು ಮಂದಿ ನೋಂದಾಯಿಸಿದ್ದಾರೆ ಎಂಬುದನ್ನು ಪ್ರತಿ ಮೊಹಲ್ಲಾದವರೂ ವಿಚಾರಿಸಬೇಕು. ರಾಜ್ಯದ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ಯೋಜನೆಗಳನ್ನೂ ತಿಳಿದುಕೊಳ್ಳಬೇಕು. ಬಡ್ಡಿಯ ಸಾಲಕ್ಕೆ ಹಿಂಜರಿಯುವವರಿಗೆ ಜಮಾಅತಿನ ಬೈತುಲ್ ಮಾಲ್‌ನಿಂದ ಒಂದು ಲೇತ್, ಒಂದು ವೆಲ್ಡಿಂಗ್ ಸೆಟ್ಟಿನ ಬೆಲೆಯನ್ನು ಕರ್ಜೆ ಹಸನ್ ಆಗಿ ಕೊಡಲು ಸಾಧ್ಯವೇ ಎಂದು ಹಿರಿಯರು ಯೋಚಿಸಲಿ.

ಮೂರನೆಯದಾಗಿ, ನಮ್ಮ ಶಾಲೆಗಳಲ್ಲಿ ವಾರಕ್ಕೆ ಒಂದು ಅವಧಿ ಕೈಕೆಲಸಕ್ಕೆ ಇರಲಿ. ಊರಿನಲ್ಲಿ ಉಳಿದಿರುವ ಒಬ್ಬ ಕಮ್ಮಾರ, ಒಬ್ಬ ಬಡಗಿ, ಒಬ್ಬ ಸಾಣೆಯವ ಯಾವುದೇ ಸಮುದಾಯದವರಿರಲಿ, ಅವರನ್ನು ಗುರುಗಳೆಂದು ಕರೆದು, ಶಾಲು ಹೊದಿಸಿ, ಮಕ್ಕಳ ಎದುರಿಗೆ ಕೂರಿಸಿ. ಅವರ ಬಾಯಲ್ಲಿರುವ ಹತಾರಗಳ ಹೆಸರುಗಳನ್ನು ಮಕ್ಕಳು ಬರೆದುಕೊಳ್ಳಲಿ. ವಿಜ್ಞಾನದ ಶಿಕ್ಷಕರು ಅದೇ ದಿನ ಇಂಗಾಲ ಮತ್ತು ಉಷ್ಣತೆಯ ಪಾಠ ಮಾಡಲಿ.

ನಾಲ್ಕನೆಯದಾಗಿ, ನಾಲ್ಕು ತಾಲ್ಲೂಕುಗಳಿಗೆ ನಾಲ್ಕು ವಸ್ತುಗಳನ್ನು ಆರಿಸಿಕೊಳ್ಳೋಣ. ಶ್ರೀನಿವಾಸಪುರಕ್ಕೆ ಮಾವು ಕೀಳುವ ಕೊಕ್ಕೆ, ಮುಳಬಾಗಿಲಿಗೆ ಕಲ್ಲಿನ ಉಳಿ, ಮಾಲೂರಿಗೆ ಇಟ್ಟಿಗೆಯ ಅಚ್ಚು, ಕೋಲಾರಕ್ಕೆ ಹಿಪ್ಪುನೇರಳೆ ಕತ್ತರಿಸುವ ಕುಡುಗೋಲು. ಎಲ್ಲ ಹತಾರಗಳಲ್ಲೂ ಚೀನಾದೊಂದಿಗೆ ಪೈಪೋಟಿ ನಮ್ಮಿಂದಾಗದು. ಆದರೆ ನಮ್ಮ ಮರದ ಎತ್ತರ, ನಮ್ಮ ಬಂಡೆಯ ಗಡಸುತನ ನಮಗೆ ಗೊತ್ತಿರುವಷ್ಟು ದೂರದ ಕಾರ್ಖಾನೆಗೆ ಗೊತ್ತಿಲ್ಲ. ಅಲ್ಲಿ ನಮಗೆ ಜಾಗವಿದೆ.

ಕೊನೆಯದಾಗಿ, ಕೊಳ್ಳುವ ನೀವು ನೋಡಿ ಕೊಳ್ಳಿ. ಐ.ಎಸ್.ಐ. ಗುರುತಿದೆಯೇ ನೋಡಿ. ಅಲಗಿನ ಮೇಲೆ ಅರವನ್ನು ಮೆಲ್ಲಗೆ ಎಳೆದು ನೋಡಿ, ಸಲೀಸಾಗಿ ಕಚ್ಚಿ ಕೆತ್ತಿದರೆ ಹದವಿಲ್ಲ, ಜಾರಿದರೆ ಗಡಸಾಗಿದೆ. ಒಳ್ಳೆಯ ಹತಾರಕ್ಕೆ ಹತ್ತಿಪ್ಪತ್ತು ರೂಪಾಯಿ ಹೆಚ್ಚು ಕೊಡಲು ಗಿರಾಕಿ ಸಿದ್ಧನಾದರೆ ಮಾತ್ರ ಒಳ್ಳೆಯದನ್ನು ಮಾಡುವವನು ಉಳಿಯುತ್ತಾನೆ.

ವಿದ್ಯಾರ್ಥಿಗಳೇ, ನಿಮ್ಮಲ್ಲಿ ಕೆಲವರು ವೈದ್ಯರಾಗುವಿರಿ, ಕೆಲವರು ಶಿಕ್ಷಕರಾಗುವಿರಿ. ವೈದ್ಯನ ಕೈಯಲ್ಲಿರುವ ಕತ್ತರಿಯನ್ನೂ ಯಾರೋ ಒಬ್ಬರು ಮಾಡಿರುತ್ತಾರೆ. ಅದನ್ನು ಮಾಡುವವನೂ ನಮ್ಮ ಶಾಲೆಯಿಂದಲೇ ಹೊರಟವನಾಗಲಿ, ಅವನಿಗೂ ಈ ವೇದಿಕೆಯಲ್ಲಿ ಅಷ್ಟೇ ಗೌರವ ಸಿಗಲಿ. ನಮ್ಮ ಕೈಗಳಿಗೆ ಹಲಾಲ್ ದುಡಿಮೆಯನ್ನೂ ಆ ದುಡಿಮೆಗೆ ಬರಕತ್ತನ್ನೂ ಅಲ್ಲಾಹನು ಕರುಣಿಸಲಿ. ಆಮೀನ್.